ರಿಪೇರಿಗೆ ಬಾರದ ಕಾರಿಗೆ ರಿಯಾಯಿತಿ ಯಾಕೆ?

ಮಾನ್ಯ ಸಾರಿಗೆ ಸಚಿವರಿಗೆ ಮತ್ತು ಮಾನ್ಯ ಕೈಗಾರಿಕಾ ಸಚಿವರಿಗೆ,

ಮೈಸೂರಿನಿಂದ ನಮಸ್ಕಾರಗಳು.

ನಮ್ಮ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳು ಇವತ್ತೂ ಊರಿನ ರಸ್ತೆಯಲ್ಲಿ ಓಡುತ್ತಿವೆ. ಕಂಪನಿ ಹೋಯಿತು, ಶೋರೂಂಗಳು ಹೋದವು, ವಾರಂಟಿ ಕೊಟ್ಟವರು ಯಾರೂ ಉಳಿಯಲಿಲ್ಲ. ಆದರೂ ಗಾಡಿ ಉಳಿಯಿತು. ಅದು ಹೇಗೆ ಉಳಿಯಿತು, ಈಗ ನಾವು ಕೊಳ್ಳುತ್ತಿರುವ ಎಲೆಕ್ಟ್ರಿಕ್ ಕಾರುಗಳು ಹಾಗೆ ಉಳಿಯಬೇಕಾದರೆ ಸರ್ಕಾರ ಏನು ಮಾಡಬೇಕು, ತೆರಿಗೆ ರಿಯಾಯಿತಿ ಎಂಥ ಕಾರಿಗೆ ಕೊಡಬೇಕು ಅನ್ನೋದನ್ನು ನಿಮ್ಮ ಮುಂದೆ ಇಡಲು ಈ ಪತ್ರ ಬರೆಯುತ್ತಿದ್ದೇನೆ.

ಯೆಜ್ಡಿ ಎಂಜಿನ್ ಬಿಚ್ಚೋದನ್ನು ಹತ್ತಿರ ನಿಂತು ನೋಡಬೇಕು. 250 ಸಿಸಿ, ಟೂ ಸ್ಟ್ರೋಕ್. ಕಿಕ್ಕರ್, ಗೇರ್ ಎರಡಕ್ಕೂ ಒಂದೇ ಲಿವರ್. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಗಾಡಿ ಸ್ಟಾರ್ಟ್ ಆದ ಮೇಲೆ ವಾಪಸ್ ಕೆಳಕ್ಕೆ ತಂದರೆ ಗೇರ್. ಹೆಡ್ ಬಿಚ್ಚಿ ಬ್ಯಾರಲ್ ಮೇಲಕ್ಕೆತ್ತಿದರೆ ಪಿಸ್ಟನ್ ಕಣ್ಣೆದುರಿಗೇ ಇರುತ್ತದೆ. ರಿಂಗ್ ಸವೆದಿದ್ದರೆ ಹೊಸ ರಿಂಗ್ ಹಾಕಿದರಾಯಿತು. ಬೋರ್ ಸವೆದಿದ್ದರೆ ಲೇತ್ ಅಂಗಡಿಯಲ್ಲಿ ಬೋರ್ ಹೊಡೆಸಿ, ಓವರ್‌ಸೈಜ್ ಪಿಸ್ಟನ್ ಕೂರಿಸಿದರೆ ಮತ್ತೆ ಎಷ್ಟೋ ವರ್ಷ ಚಿಂತೆ ಇಲ್ಲ. ಕಾರ್ಖಾನೆ ಮುಚ್ಚಿದ ಮೇಲೂ ಸಣ್ಣ ಸಣ್ಣ ವರ್ಕ್‌ಶಾಪ್‌ಗಳು ಇದರ ಬಿಡಿಭಾಗ ಮಾಡುತ್ತಲೇ ಬಂದವು. ಇದಕ್ಕೆಲ್ಲ ಕಂಪನಿಯ ಅಪ್ಪಣೆ ಬೇಕಿರಲಿಲ್ಲ. ಪಾಸ್‌ವರ್ಡ್ ಬೇಕಿರಲಿಲ್ಲ.

ನಾವು ಒಂದಷ್ಟು ಜನ ಕಾರಿನ ಹುಚ್ಚಿನವರು ಭಾನುವಾರ ಬೆಳಗ್ಗೆ ಶ್ರೀರಂಗಪಟ್ಟಣದ ಕಡೆ ಹೋಗಿ ಕಾಫಿ ಕುಡಿದು ಬರುತ್ತೇವೆ. ಹಳೇ ಮಾರುತಿ 800 ಇಟ್ಟುಕೊಂಡವರಿದ್ದಾರೆ, ಜಿಪ್ಸಿ ಇಟ್ಟುಕೊಂಡವರಿದ್ದಾರೆ, ಈಚೆಗೆ ಎಲೆಕ್ಟ್ರಿಕ್ ಕಾರು ತಗೊಂಡವರೂ ಇದ್ದಾರೆ. ಕಾರಿನ ಹುಚ್ಚಿನವರು ಅಂದರೆ ಎಲೆಕ್ಟ್ರಿಕ್ ಕಾರಿನ ವಿರೋಧಿಗಳು ಎಂದು ಹಲವರು ಅಂದುಕೊಂಡಿದ್ದಾರೆ. ಎಂಜಿನ್ ಸದ್ದಿಲ್ಲದ ಕಾರು ಕಾರೇ ಅಲ್ಲ ಅನ್ನುವ ಗೆಳೆಯರು ನಮ್ಮಲ್ಲೂ ಇದ್ದಾರೆ ನಿಜ. ನನಗೆ ಹಾಗೆ ಅನಿಸುವುದಿಲ್ಲ. ಪೆಡಲ್ ಮೇಲೆ ಕಾಲಿಟ್ಟ ಕೂಡಲೇ ಸಿಗುವ ಆ ಪಿಕಪ್, ಪೇಟೆ ಟ್ರಾಫಿಕ್ಕಿನಲ್ಲಿ ಕ್ಲಚ್ ತುಳಿಯುವ ಕಾಟವೇ ಇಲ್ಲದ ಆರಾಮು, ಹೊಗೆ ಇಲ್ಲದಿರುವುದು, ಇವೆಲ್ಲ ನನಗೆ ತುಂಬ ಇಷ್ಟ. ಪೆಟ್ರೋಲಿನ ಶಕ್ತಿಯಲ್ಲಿ ಮೂರನೇ ಒಂದು ಭಾಗ ಚಕ್ರಕ್ಕೆ ತಲುಪಿದರೆ ಅದೇ ಹೆಚ್ಚು. ಎಲೆಕ್ಟ್ರಿಕ್ ಕಾರಿನಲ್ಲಿ ಬ್ಯಾಟರಿಯ ಬಹುಪಾಲು ಶಕ್ತಿ ಚಕ್ರಕ್ಕೇ ಹೋಗುತ್ತದೆ. ಎಂಜಿನಿಯರಿಂಗ್ ಮೆಚ್ಚುವವನು ಇದನ್ನು ಮೆಚ್ಚದೆ ಇರಲು ಆಗುತ್ತಾ?

ಇದರಲ್ಲಿ ಕರ್ನಾಟಕಕ್ಕೆ ಹಳೇ ಹಕ್ಕಿದೆ. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲೇ ದೇಶಕ್ಕೊಂದು ಕಾರು ಕಾರ್ಖಾನೆ ಬೇಕು ಎಂದು ಯೋಜನೆ ಮಾಡಿ ಓಡಾಡಿದರು. 2001ರಲ್ಲಿ ಬೆಂಗಳೂರಿನ ರೇವಾ ಎಂಬ ಎಲೆಕ್ಟ್ರಿಕ್ ಕಾರು ರಸ್ತೆಗೆ ಬಂತು. ಲಂಡನ್ನಿನಲ್ಲಿ ಅದೇ ಕಾರು ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು. 2017ರಲ್ಲಿ ಎಲೆಕ್ಟ್ರಿಕ್ ವಾಹನಕ್ಕೆಂದೇ ನೀತಿ ತಂದ ಮೊದಲ ರಾಜ್ಯವೂ ನಮ್ಮದೇ. ಹಾಗಾಗಿ ದಾರಿ ತೋರಿಸಿ ಎಂದು ಬೇರೆ ಯಾರನ್ನೂ ಕೇಳದೆ ನಿಮ್ಮನ್ನೇ ಕೇಳುತ್ತಿದ್ದೇನೆ.

ಈಗ ರಿಪೇರಿಯ ತೊಂದರೆಗೆ ಬರುತ್ತೇನೆ. ನಮಗೆ ಅದು ಗೊತ್ತಾಗಿದ್ದು ಒಂದು ರಸ್ತೆ ಹಂಪ್‌ನಿಂದ. ಮಂಡ್ಯ ಜಿಲ್ಲೆಯ ಹಳ್ಳಿ ರಸ್ತೆಗಳಲ್ಲಿ ಬಣ್ಣವಿಲ್ಲದ, ಬೋರ್ಡಿಲ್ಲದ ಹಂಪ್‌ಗಳು ಎಷ್ಟಿವೆ ಅನ್ನೋದು ಆ ಕಡೆ ಓಡಾಡಿದ ಎಲ್ಲರಿಗೂ ಗೊತ್ತು. ನಮ್ಮ ಗುಂಪಿನ ಗೆಳೆಯರೊಬ್ಬರು ಮೇಲುಕೋಟೆಯಿಂದ ವಾಪಸ್ ಬರುವಾಗ ಅವರ ಎಲೆಕ್ಟ್ರಿಕ್ ಕಾರಿನ ತಳ ಅಂಥ ಒಂದು ಹಂಪ್‌ಗೆ ಉಜ್ಜಿತು. ಕಾರು ನಿಲ್ಲಲಿಲ್ಲ, ಒಂದು ಲೈಟೂ ಹತ್ತಲಿಲ್ಲ, ಮನೆಗೆ ಬಂದು ಎಂದಿನಂತೆ ಚಾರ್ಜ್ ಆಯಿತು. ಮುಂದಿನ ಸರ್ವಿಸ್‌ಗೆ ಬಿಟ್ಟಾಗ ಲಿಫ್ಟ್ ಮೇಲೆ ಎತ್ತಿ ತೋರಿಸಿದರು. ನಾನೂ ಜೊತೆಯಲ್ಲಿದ್ದೆ. ಬ್ಯಾಟರಿ ಪ್ಯಾಕಿನ ಕೆಳಗಿನ ತಗಡಿನಲ್ಲಿ ಅಂಗೈ ಅಗಲದ ತಗ್ಗು. ಬಣ್ಣ ಕಿತ್ತು ಬೆಳ್ಳಗಿನ ಗೀರು. ತೂತಿಲ್ಲ, ಬಿರುಕಿಲ್ಲ, ಸೀಲ್ ಬಿಟ್ಟಿಲ್ಲ. ಸರ್ವಿಸ್ ಅಡ್ವೈಸರ್ ಫೋಟೊ ತೆಗೆದು ಕಂಪನಿಗೆ ಕಳಿಸಿದರು. ಬಂದ ಉತ್ತರ: ಇಡೀ ಪ್ಯಾಕ್ ಬದಲಿಸಬೇಕು. ಎಸ್ಟಿಮೇಟ್ ಕಾರಿನ ಬೆಲೆಯ ಅರ್ಧದ ಹತ್ತಿರ ಬಂತು.

ಆ ತಗಡೊಂದನ್ನೇ ಬದಲಿಸಿ ಎಂದು ನಾವು ಕೇಳಿದೆವು. ಅದು ಬಿಡಿಯಾಗಿ ಮಾರಾಟಕ್ಕಿಲ್ಲವಂತೆ. ಪ್ಯಾಕ್ ಬಿಚ್ಚಿ ಒಳಗೆ ಸೆಲ್‌ಗಳಿಗೆ ಏನಾದರೂ ಆಗಿದೆಯಾ ನೋಡಿ ಎಂದೆವು. ಇಲ್ಲಿ ಬಿಚ್ಚುವ ಅಧಿಕಾರ ಯಾರಿಗೂ ಇಲ್ಲವಂತೆ. ಸರಿ, ನಮ್ಮ ಖರ್ಚಿನಲ್ಲಿ ಬೇರೆ ಕಡೆ ತೋರಿಸಿಕೊಳ್ಳುತ್ತೇವೆ ಎಂದರೆ ವಾರಂಟಿ ಹೋಗುತ್ತದೆ ಎಂದರು. ಆ ಸರ್ವಿಸ್ ಸೆಂಟರಿನ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕೈಯನ್ನೂ ಕಟ್ಟಿಹಾಕಿದ್ದಾರೆ. ಪ್ಯಾಕ್ ಅಂದರೆ ಏನು? ನೂರಾರು ಸೆಲ್‌ಗಳು, ಅವುಗಳನ್ನು ಗುಂಪು ಮಾಡಿದ ಮಾಡ್ಯೂಲ್‌ಗಳು, ಅವುಗಳ ಮೇಲೆ ಕಣ್ಣಿಡುವ ಒಂದು ಬೋರ್ಡ್, ತಣ್ಣಗಿಡಲು ಪೈಪು, ಸುತ್ತ ಒಂದು ಪೆಟ್ಟಿಗೆ. ಒಂದು ಮಾಡ್ಯೂಲ್ ಕೆಟ್ಟರೆ ಆ ಮಾಡ್ಯೂಲ್ ಬದಲಿಸುವ ಹಾಗೆ ಇದನ್ನು ಕಟ್ಟಬಹುದು. ಬೋಲ್ಟ್ ಹಾಕುವ ಜಾಗದಲ್ಲಿ ಅಂಟು ಸುರಿದು, ವೆಲ್ಡ್ ಮಾಡಿ, ಯಾರೂ ಬಿಚ್ಚದ ಹಾಗೂ ಕಟ್ಟಬಹುದು. ಈಗ ಎರಡನೇ ದಾರಿ ಹಿಡಿಯುವವರು ಜಾಸ್ತಿಯಾಗುತ್ತಿದ್ದಾರೆ. ತಯಾರಿಸಲು ಅಗ್ಗ, ಜಾಗ ಉಳಿತಾಯ ಅನ್ನೋದು ಅವರ ಲೆಕ್ಕ. ಆ ಲೆಕ್ಕದಲ್ಲಿ ಕಾರು ಕೊಂಡವನ ಹತ್ತನೇ ವರ್ಷದ ಖರ್ಚು ಎಲ್ಲೂ ಇಲ್ಲ.

ಬ್ಯಾಟರಿಗೆ ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುತ್ತಾರೆ. ಮೊದಲ ಮಾಲೀಕನಿಗೆ ಅದು ಸಾಕಾಗಬಹುದು. ಆದರೆ ನಮ್ಮೂರಲ್ಲಿ ಕಾರು ಒಬ್ಬರ ಕೈಯಲ್ಲೇ ಮುಗಿಯುವುದಿಲ್ಲ. ಮೈಸೂರಲ್ಲಿ ಒಬ್ಬರು ಕೊಂಡ ಕಾರು ಕೆಲವು ವರ್ಷದ ಮೇಲೆ ಮದ್ದೂರಿನಲ್ಲೋ ನಾಗಮಂಗಲದಲ್ಲೋ ಇನ್ನೊಬ್ಬರ ಮೊದಲ ಕಾರಾಗುತ್ತದೆ. ಅಲ್ಲಿಂದ ಮೂರನೆಯವರ ಕೈಗೆ ಹೋಗಿ ಬಾಡಿಗೆಗೆ ಓಡುತ್ತದೆ. ಆ ಎರಡನೆಯವರು, ಮೂರನೆಯವರು ಬ್ಯಾಟರಿಯ ಕಂಡಿಷನ್ ಹೇಗೆ ತಿಳಿದುಕೊಳ್ಳಬೇಕು? ಪೆಟ್ರೋಲ್ ಕಾರಾದರೆ ಒಬ್ಬ ಮೆಕ್ಯಾನಿಕ್ ಕರೆದುಕೊಂಡು ಹೋಗಿ, ಹೊಗೆ ನೋಡಿ, ಎಂಜಿನ್ ಸದ್ದು ಕೇಳಿ, ಆಯಿಲ್ ಡಿಪ್‌ಸ್ಟಿಕ್ ಎಳೆದು ನೋಡಿ ಒಂದು ಮಾತು ಹೇಳಿಸಿಕೊಳ್ಳುತ್ತೇವೆ. ಎಲೆಕ್ಟ್ರಿಕ್ ಕಾರಿನಲ್ಲಿ ಆ ಮಾಹಿತಿ ಕಾರಿನ ಒಳಗೇ ಇದೆ, ಆದರೆ ಕೀಲಿ ಕಂಪನಿಯ ಹತ್ತಿರ. ಕ್ಯಾಲಿಫೋರ್ನಿಯಾದಲ್ಲಿ 2026ರ ಮಾಡೆಲ್‌ಗಳಿಂದ ಬ್ಯಾಟರಿ ಎಷ್ಟು ಗಟ್ಟಿಯಾಗಿದೆ ಅನ್ನೋದನ್ನು ಮಾಲೀಕನೇ ಓದಿಕೊಳ್ಳುವ ಹಾಗೆ ತೋರಿಸಬೇಕು ಎಂಬ ನಿಯಮವನ್ನು 2022ರಲ್ಲಿ ಮಾಡಿದರು. ಯುರೋಪಿನಲ್ಲಿ 2027ರ ಫೆಬ್ರುವರಿಯಿಂದ ಪ್ರತಿ ಎಲೆಕ್ಟ್ರಿಕ್ ಕಾರಿನ ಬ್ಯಾಟರಿಗೂ ಡಿಜಿಟಲ್ ಪಾಸ್‌ಪೋರ್ಟ್, ಅಂದರೆ ಅದರ ವಿವರಗಳ ಡಿಜಿಟಲ್ ದಾಖಲೆ, ಬೇಕು. ನಮಗೇನು ಅದು ಬೇಡವಾ?

ಈ ಜಗಳ ಹೊಸದಲ್ಲ. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿ ದಂಡ ಹಾಕಿತು. ಹೊರಗಿನ ಗ್ಯಾರೇಜ್‌ಗಳಿಗೆ ಒರಿಜಿನಲ್ ಬಿಡಿಭಾಗ, ರಿಪೇರಿ ಮಾಹಿತಿ, ಸ್ಕ್ಯಾನ್ ಮಾಡುವ ಉಪಕರಣ ಸಿಗದಂತೆ ಮಾಡಿದ್ದಾರೆ ಅನ್ನೋದೇ ಅದಕ್ಕೆ ಕಾರಣ. ಇವೆಲ್ಲ ಹೊರಗಡೆಯೂ ಸಿಗಬೇಕು, ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ಕಿತ್ತುಕೊಳ್ಳಬಾರದು ಎಂದೂ ಆಯೋಗ ಹೇಳಿತು. ದಂಡದ ಬಗ್ಗೆ ಆಮೇಲೆ ಕೋರ್ಟು ಕಚೇರಿ ನಡೆಯಿತು. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿಗೆಂದೇ ಒಂದು ಪೋರ್ಟಲ್ ತೆರೆಯಿತು. ಅದರಲ್ಲಿ ವಾಹನಗಳೂ ಸೇರಿವೆ. ಇಷ್ಟೆಲ್ಲ ಆಗಿಯೂ ನಮ್ಮ ಗೆಳೆಯರಿಗೆ ಆ ತಗಡು ಸಿಗಲಿಲ್ಲ. ಅಂದರೆ ಹಕ್ಕು ಕಾಗದದಲ್ಲಿದೆ, ಗ್ಯಾರೇಜಿಗೆ ಇನ್ನೂ ಬಂದಿಲ್ಲ.

ಕಂಪನಿಗಳು ಹೇಳುವ ಒಂದು ಮಾತನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಎಲೆಕ್ಟ್ರಿಕ್ ಕಾರಿನಲ್ಲಿ 300–400 ವೋಲ್ಟ್ ಡಿಸಿ ಕರೆಂಟ್ ಇರುತ್ತದೆ, ತಿಳಿಯದವರು ಕೈ ಹಾಕಿದರೆ ಜೀವಕ್ಕೇ ಅಪಾಯ ಅನ್ನುತ್ತಾರೆ. ಅದು ನಿಜ. ಬಾನೆಟ್ ತೆಗೆದರೆ ಕಾಣುವ ಆ ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಸುಮ್ನೆ ಮುಟ್ಟುವ ಹಾಗಿಲ್ಲ. ಮೊದಲು ಸರ್ವಿಸ್ ಪ್ಲಗ್ ತೆಗೆಯಬೇಕು, ಕೆಪಾಸಿಟರ್‌ಗಳಲ್ಲಿ ಉಳಿದ ಚಾರ್ಜ್ ಇಳಿಯುವವರೆಗೆ ಕಾಯಬೇಕು, ಮೀಟರ್ ಇಟ್ಟು ಸೊನ್ನೆ ಎಂದು ಖಾತ್ರಿ ಮಾಡಿಕೊಳ್ಳಬೇಕು, ಕೈಗೆ ಹೈ ವೋಲ್ಟೇಜ್ ಗ್ಲೌಸ್ ಹಾಕಬೇಕು. ಆದರೆ ಇದೆಲ್ಲ ಕಲಿಸಲು ಬರುವ ವಿದ್ಯೆ. ನಮ್ಮ ಸೆಸ್ಕ್ ಲೈನ್‌ಮ್ಯಾನ್‌ಗಳು ಮಳೆಗಾಲದಲ್ಲಿ ಕಂಬ ಹತ್ತಿ 11 ಸಾವಿರ ವೋಲ್ಟ್ ಲೈನ್ ಸರಿಮಾಡುತ್ತಾರೆ. ಅವರಿಗೆ ತರಬೇತಿ ಕೊಟ್ಟೇ ಅಲ್ವಾ ಮೇಲೆ ಹತ್ತಿಸಿರೋದು? ಅಪಾಯ ಇದೆ ಎಂದು ಕಂಬ ಹತ್ತುವುದನ್ನೇ ನಿಲ್ಲಿಸಿಲ್ಲ. 2000ದ ಆಸುಪಾಸಿನಲ್ಲಿ ಕಾರ್ಬ್ಯುರೇಟರ್ ಹೋಗಿ ಎಂಪಿಎಫ್‌ಐ, ಅಂದರೆ ಎಲೆಕ್ಟ್ರಾನಿಕ್ ಆಗಿ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ, ಬಂದಾಗಲೂ ರಸ್ತೆ ಬದಿ ಗ್ಯಾರೇಜ್‌ಗಳ ಕಥೆ ಮುಗೀತು ಎಂದವರು ಬಹಳ. ಏನಾಯಿತು? ನಮ್ಮ ಮೆಕ್ಯಾನಿಕ್‌ಗಳು ಸ್ಕ್ಯಾನರ್ ಕೊಂಡರು, ಸೆನ್ಸರ್ ಓದೋದು ಕಲಿತರು. ಮುಂದೆ ಎಲ್ಲ ಕಂಪನಿಯ ಕಾರಿಗೂ ಒಂದೇ ಬಗೆಯ ಒಬಿಡಿ ಸಾಕೆಟ್, ಅಂದರೆ ಸ್ಕ್ಯಾನರ್ ಸಿಕ್ಕಿಸಿ ದೋಷ ಓದುವ ಸಾಕೆಟ್, ಬಂದಿದ್ದರಿಂದ ಅದು ಸುಲಭವಾಯಿತು. ಆ ನಿಯಮ ಬಂದಿದ್ದು ಹೊಗೆ ನಿಯಂತ್ರಣಕ್ಕಾಗಿ. ಎಲೆಕ್ಟ್ರಿಕ್ ಕಾರಿಗೆ ಹೊಗೆಯೇ ಇಲ್ಲವಲ್ಲ, ಹಾಗಾಗಿ ಆ ಸಾಕೆಟ್‌ನಲ್ಲಿ ಏನು ತೋರಿಸಬೇಕು ಅನ್ನೋದು ಒಂದೊಂದು ಕಂಪನಿಯ ಇಷ್ಟವಾಗಿ ಉಳಿದಿದೆ.

ಮೈಸೂರಿನಲ್ಲಿ ಕೈಗಾರಿಕೆ ಹೊಸದೂ ಅಲ್ಲ. ಹೆಬ್ಬಾಳ, ಮೇಟಗಳ್ಳಿ, ಹೂಟಗಳ್ಳಿ ಕಡೆ ಆಕ್ಸಲ್ ಮಾಡುತ್ತಾರೆ, ಟೈರ್ ಮಾಡುತ್ತಾರೆ. ವಿಕ್ರಾಂತ್ ಟೈರ್ ನಮ್ಮ ಊರಿನದೇ ಹೆಸರು. ಐಟಿಐಗಳಿವೆ, ಪಾಲಿಟೆಕ್ನಿಕ್‌ಗಳಿವೆ. ಮಂಡ್ಯದಲ್ಲಿ 1962ರಿಂದ ಎಂಜಿನಿಯರಿಂಗ್ ಕಾಲೇಜಿದೆ. ಇಲ್ಲಿ ಹೈ ವೋಲ್ಟೇಜ್ ರಿಪೇರಿಯ ಕೋರ್ಸ್ ತೆರೆಯಿರಿ. ಸಂಜೆ ಹೊತ್ತಿನಲ್ಲಿ ಇಡಿ, ಕೆಲಸ ಮಾಡುವ ಮೆಕ್ಯಾನಿಕ್ ಹಗಲು ಗ್ಯಾರೇಜ್ ಮುಚ್ಚಿ ಬರಲು ಆಗುವುದಿಲ್ಲ. ಪಾಠ ಕನ್ನಡದಲ್ಲಿ ಇರಲಿ. ಪಾಸಾದವರಿಗೆ ಪ್ರಮಾಣಪತ್ರ ಕೊಟ್ಟು, ಅಂಥವರಿಗೆ ಬಿಡಿಭಾಗ ಮತ್ತು ಸಾಫ್ಟ್‌ವೇರ್ ಕೊಡಲೇಬೇಕು ಎಂದು ಕಂಪನಿಗಳಿಗೆ ಹೇಳಿ. ಆಗ ಸುರಕ್ಷತೆಯ ನೆಪ ಉಳಿಯುವುದಿಲ್ಲ.

ಸಾಫ್ಟ್‌ವೇರ್ ಎಂದೆ. ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಇರೋದು ಅದರದ್ದೇ. ಅಮೆರಿಕದ ಫಿಸ್ಕರ್ ಎಂಬ ಎಲೆಕ್ಟ್ರಿಕ್ ಕಾರು ಕಂಪನಿ 2024ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಹೊಸ ಕಾರು ಕೊಂಡು ವರ್ಷ ತುಂಬದವರು ಕೂಡ ಅಪ್‌ಡೇಟ್ ಎಲ್ಲಿಂದ ಬರುತ್ತೆ, ಬಿಡಿಭಾಗ ಎಲ್ಲಿ ಸಿಗುತ್ತೆ ಎಂದು ಕೈಚೆಲ್ಲಿ ಕೂರಬೇಕಾಯಿತು. ಕೊನೆಗೆ ಮಾಲೀಕರೇ ಒಂದು ಸಂಘ ಕಟ್ಟಿಕೊಂಡು ತಮ್ಮ ಕಾರುಗಳನ್ನು ಓಡುವ ಸ್ಥಿತಿಯಲ್ಲಿ ಇಟ್ಟುಕೊಳ್ಳಲು ಹೆಣಗಾಡಿದರು. ಐಡಿಯಲ್ ಜಾವಾ ಮುಚ್ಚಿದಾಗ ಯೆಜ್ಡಿ ಮಾಲೀಕರಿಗೆ ಇಂಥ ಗತಿ ಬರಲಿಲ್ಲ. ನಮ್ಮ ದೇಶದಲ್ಲೂ ಹೊಸ ಹೊಸ ಎಲೆಕ್ಟ್ರಿಕ್ ಕಂಪನಿಗಳು ಬರುತ್ತಿವೆ, ಎಲ್ಲವೂ ಉಳಿಯುವುದಿಲ್ಲ. ಕಂಪನಿ ಮುಚ್ಚಿದರೆ ಕಾರಿನ ಸಾಫ್ಟ್‌ವೇರ್ ಕೀಲಿಗಳು, ಸರ್ವಿಸ್ ಮ್ಯಾನುಯಲ್‌ಗಳು ಮಾಲೀಕರಿಗೆ ಸಿಗಬೇಕು ಎಂದು ಮೊದಲೇ ಬರೆಸಿಕೊಳ್ಳದಿದ್ದರೆ, ಆ ದಿನ ಲಕ್ಷಾಂತರ ರೂಪಾಯಿಯ ಗಾಡಿ ಗುಜರಿಗೆ ಹೋಗುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಟ್ಯಾಕ್ಸಿ ಓಡಿಸುವವರ ಮನೆಯಲ್ಲಿ ಇದು ಊಟದ ಪ್ರಶ್ನೆ.

ಇನ್ನು ತೂಕದ ವಿಷಯ. ಇದರಲ್ಲಿ ನಮ್ಮಂಥ ಕಾರು ಪ್ರಿಯರಿಗೆ ಮಿಕ್ಕವರಿಗಿಂತ ಜಾಸ್ತಿ ಕಾಳಜಿ. ದಯವಿಟ್ಟು ಇದನ್ನು ಶೋಕಿ ಎಂದುಕೊಳ್ಳಬೇಡಿ.

1983ರಲ್ಲಿ ಬಂದ ಮಾರುತಿ 800ರ ತೂಕ ಸುಮಾರು 650 ಕೆಜಿ. ಎಂಜಿನ್ 796 ಸಿಸಿ. ನಾಲ್ಕು ಜನ ಕೂತು ಸಾಮಾನು ಹಾಕಿಕೊಂಡು ಊಟಿ ಘಾಟಿ ಹತ್ತಿದ ಕಾರು ಅದು. ಅದಕ್ಕೆ ಅಷ್ಟು ಚಿಕ್ಕ ಎಂಜಿನ್ ಸಾಕಾಗಿದ್ದು ಗಾಡಿ ಹಗುರ ಇದ್ದಿದ್ದರಿಂದ. ಬ್ರಿಟನ್ನಿನ ಲೋಟಸ್ ಕಂಪನಿ ಕಟ್ಟಿದ ಕಾಲಿನ್ ಚಾಪ್‌ಮನ್ ಜೀವನವಿಡೀ ಇದೇ ತತ್ವ ಹಿಡಿದು ಕಾರು ಮಾಡಿದರು. ಅವರ ಕಾಲದ ನಂತರ 1996ರಲ್ಲಿ ಬಂದ ಲೋಟಸ್ ಎಲೀಸ್ ಕೂಡ ಸುಮಾರು 725 ಕೆಜಿ ಮಾತ್ರ. ಶಕ್ತಿ ದೊಡ್ಡದಿರಲಿಲ್ಲ, ಆದರೆ ತಿರುವಿನಲ್ಲಿ ಅದರ ಮುಂದೆ ನಿಲ್ಲುವ ಕಾರು ಕಡಿಮೆ. 2008ರಲ್ಲಿ ಟೆಸ್ಲಾದವರು ತಮ್ಮ ಮೊದಲ ಕಾರಿಗೆ, ಅಂದರೆ ರೋಡ್‌ಸ್ಟರ್‌ಗೆ, ಇದೇ ಎಲೀಸ್‌ನ ಆಧಾರ ತಗೊಂಡರು. ಆರು ಸಾವಿರಕ್ಕೂ ಹೆಚ್ಚು ಸಣ್ಣ ಸೆಲ್‌ಗಳ ಪ್ಯಾಕ್ ಒಂದೇ 450 ಕೆಜಿ ತೂಗಿತು. ಇಡೀ ಕಾರು 1,300 ಕೆಜಿ ಹತ್ತಿರ ಹೋಯಿತು. 2025ರಲ್ಲಿ ನಮ್ಮ ದೇಶದಲ್ಲೇ ಮಾರಾಟಕ್ಕೆ ಬಂದ ಎಂಜಿ ಸೈಬರ್‌ಸ್ಟರ್ ಎಂಬ ಎರಡು ಸೀಟಿನ ಎಲೆಕ್ಟ್ರಿಕ್ ಸ್ಪೋರ್ಟ್ಸ್ ಕಾರು ಹೆಚ್ಚೂ ಕಡಿಮೆ ಎರಡು ಟನ್. ಮೂರು ಮಾರುತಿ 800 ಸೇರಿಸಿದಷ್ಟು. ನೋಡಲು ಸೊಗಸಾದ ಕಾರು, ಓಟದಲ್ಲಿ ಬೆರಗು ಹುಟ್ಟಿಸುತ್ತದೆ. ಆದರೂ ಇಬ್ಬರನ್ನು ಕೂರಿಸಿಕೊಳ್ಳಲು ಎರಡು ಟನ್ ಬೇಕಾ ಎಂದು ಕೇಳದೆ ಇರಲು ನನಗೆ ಆಗುವುದಿಲ್ಲ.

ಭಾರ ಒಮ್ಮೆ ಏರಿದರೆ ಅಲ್ಲಿಗೇ ನಿಲ್ಲುವುದಿಲ್ಲ. ಬ್ಯಾಟರಿ ದೊಡ್ಡದಾದರೆ ಅದನ್ನು ಹೊರಲು ಚಾಸಿ ಗಟ್ಟಿ ಬೇಕು, ನಿಲ್ಲಿಸಲು ಬ್ರೇಕ್ ದೊಡ್ಡದು ಬೇಕು, ಟೈರ್ ಅಗಲ ಬೇಕು, ಸಸ್ಪೆನ್ಷನ್ ದಪ್ಪ ಬೇಕು. ಅವೆಲ್ಲ ಮತ್ತೆ ತೂಕವೇ. ಅಷ್ಟನ್ನು ಎಳೆಯಲು ಬ್ಯಾಟರಿ ಇನ್ನೂ ದೊಡ್ಡದು ಬೇಕು. ಕಬ್ಬು ಮಿತಿಮೀರಿ ತುಂಬಿದ ಟ್ರ್ಯಾಕ್ಟರಿನ ಹಾಗೆ, ಎಳೆಯೋದಕ್ಕಿಂತ ತನ್ನ ಭಾರ ಹೊರೋದರಲ್ಲೇ ಅದರ ಶಕ್ತಿ ಮುಗಿಯುತ್ತದೆ. ಟೈರ್ ಬೇಗ ಸವೆಯುತ್ತದೆ, ಬುಷ್‌ಗಳು ಬೇಗ ಹೋಗುತ್ತವೆ, ರಿಪೇರಿ ಬಿಲ್ ಏರುತ್ತದೆ. ಹಾಗಾಗಿ ಹಗುರ ಕಾರು ಮತ್ತು ರಿಪೇರಿಗೆ ಸುಲಭವಾದ ಕಾರು ನನಗೆ ಬೇರೆ ಬೇರೆ ಬೇಡಿಕೆಗಳಾಗಿ ಕಾಣುವುದಿಲ್ಲ. ಎರಡೂ ಕಡೆ ಕೇಳುತ್ತಿರೋದು ಒಂದೇ: ಬೇಡದ್ದನ್ನು ತುಂಬಬೇಡಿ.

ಚಾಮುಂಡಿ ಬೆಟ್ಟದ ಲೆಕ್ಕ ಹಾಕಿ ನೋಡಿ. ಪೇಟೆಯಿಂದ ಬೆಟ್ಟದ ತುದಿ ಸುಮಾರು 300 ಮೀಟರ್ ಎತ್ತರ. ಒಂದು ಟನ್ ಕಾರನ್ನು ಅಷ್ಟು ಎತ್ತರಕ್ಕೆ ಏರಿಸಲು, ಗಾಳಿ, ಟೈರಿನ ತಡೆ ಬಿಟ್ಟು, ಸುಮಾರು 0.8 ಯೂನಿಟ್ ಕರೆಂಟ್ ಬೇಕು. ಎರಡು ಟನ್ ಕಾರಿಗೆ 1.6 ಯೂನಿಟ್. ಇಳಿಯುವಾಗ ಸ್ವಲ್ಪ ವಾಪಸ್ ಬರುತ್ತದೆ, ಎಲ್ಲ ಬರುವುದಿಲ್ಲ. ದೇವಿಯ ದರ್ಶನಕ್ಕೆ ಹೋಗುವವರು ಅದೇ ನಾಲ್ಕು ಜನ. ಉಳಿದ ಕರೆಂಟ್ ಪೂರ್ತಿ ತಗಡು ಮತ್ತು ಬ್ಯಾಟರಿಯನ್ನು ಬೆಟ್ಟ ಹತ್ತಿಸಿ ಇಳಿಸೋದಕ್ಕೆ ಖರ್ಚು.

ಜನ ದೊಡ್ಡ ಬ್ಯಾಟರಿ ಯಾಕೆ ಕೇಳುತ್ತಾರೆ? ದಾರಿಯಲ್ಲಿ ಕೈಕೊಟ್ಟರೆ ಅನ್ನುವ ಭಯಕ್ಕೆ. ಅದರ ಮದ್ದು ನಿಮ್ಮ ಕೈಯಲ್ಲೇ ಇದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಸುಮಾರು 119 ಕಿಲೋಮೀಟರ್. ಹೈವೇ ವೇಗದಲ್ಲಿ ಯೂನಿಟ್‌ಗೆ 6 ಕಿಲೋಮೀಟರ್ ಎಂದೇ ಹಿಡಿದರೂ 20 ಯೂನಿಟ್ ಸಾಕು. 30 ಯೂನಿಟ್ ಹಿಡಿಯುವ ಪ್ಯಾಕ್ 200ರಿಂದ 250 ಕೆಜಿ ತೂಗುತ್ತದೆ, 60 ಯೂನಿಟ್‌ನದ್ದು ಹತ್ತಿರ ಹತ್ತಿರ ಅದರ ಎರಡರಷ್ಟು. ಮಂಡ್ಯ, ಮದ್ದೂರು, ಚನ್ನಪಟ್ಟಣದಲ್ಲಿ ನಂಬಬಹುದಾದ ಚಾರ್ಜರ್‌ಗಳಿದ್ದರೆ, ಕೆಟ್ಟ ಚಾರ್ಜರ್ ಅದೇ ದಿನ ರಿಪೇರಿಯಾಗುವ ಹಾಗಿದ್ದರೆ, ನಮ್ಮ ಕಡೆಯ ಬಹಳ ಜನಕ್ಕೆ ಚಿಕ್ಕ ಪ್ಯಾಕೇ ಸಾಕು. ಕಾರು ಹಗುರವಾಗುತ್ತದೆ, ಬೆಲೆ ಇಳಿಯುತ್ತದೆ. ಒಂದು ಒಳ್ಳೆ ಚಾರ್ಜರ್ ನೂರಾರು ಕಾರುಗಳಿಂದ ನೂರಾರು ಕೆಜಿ ಇಳಿಸುತ್ತದೆ.

ಹಗುರ ಅಂದ ಕೂಡಲೇ ಸುರಕ್ಷತೆ ಇಲ್ಲ ಎಂದಲ್ಲ. ಹಳೇ 800ರಲ್ಲಿ ಏರ್‌ಬ್ಯಾಗ್ ಇರಲಿಲ್ಲ, ರೇವಾ ಡಿಕ್ಕಿ ಪರೀಕ್ಷೆಯಲ್ಲಿ ಹಿಂದಿತ್ತು, ಆ ಕಾಲಕ್ಕೆ ವಾಪಸ್ ಹೋಗೋಣ ಎಂದು ಯಾರೂ ಕೇಳುತ್ತಿಲ್ಲ. ಜಪಾನಿನ ಮಜ್ದಾ ಎಂಎಕ್ಸ್-5 ಇವತ್ತಿನ ಏರ್‌ಬ್ಯಾಗ್, ಎಬಿಎಸ್ ಎಲ್ಲ ಇಟ್ಟುಕೊಂಡೂ ಒಂದು ಟನ್‌ಗಿಂತ ಸ್ವಲ್ಪವೇ ಜಾಸ್ತಿ ಇದೆ. ಮನಸ್ಸು ಮಾಡಿದರೆ ಆಗುತ್ತದೆ. ಬ್ರಿಟನ್ನಿನ ಕೇಟರ್‌ಹ್ಯಾಮ್ ಕಂಪನಿ 2021ರಲ್ಲಿ ಸೆವೆನ್ 170 ಎಂಬ ಕಾರು ತಂದಿತು. ತೂಕ ಸುಮಾರು 440 ಕೆಜಿ, ಎಂಜಿನ್ ಸುಜುಕಿಯ 660 ಸಿಸಿ ಟರ್ಬೊ. ಅದು ರಸ್ತೆಗಿಂತ ಟ್ರ್ಯಾಕ್‌ಗೆ ಹತ್ತಿರದ ಕಾರು, ಮಳೆ ಬಂದರೆ ನೆನೆಯಬೇಕು, ಅದು ಬೇರೆ ಮಾತು. ಅದೇ ಕಂಪನಿ 2023ರಲ್ಲಿ 700 ಕೆಜಿ ಒಳಗಿನ ಎಲೆಕ್ಟ್ರಿಕ್ ಸೆವೆನ್ ಮಾದರಿಯನ್ನೂ ಕಟ್ಟಿ ತೋರಿಸಿತು.

ನಮ್ಮಲ್ಲೂ ಆಸೆಪಟ್ಟವರಿದ್ದರು. 1990ರ ದಶಕದ ಕೊನೆಯಲ್ಲಿ ಸ್ಯಾನ್ ಸ್ಟಾರ್ಮ್ ಎಂಬ ಕಾರು ಬಂತು. ಎರಡು ಸೀಟು, ಫೈಬರ್ ಗ್ಲಾಸ್ ಬಾಡಿ, ರೆನೊ ಕಂಪನಿಯ ಚಿಕ್ಕ ಎಂಜಿನ್. ಹೆಚ್ಚು ಮಾರಾಟ ಆಗಲಿಲ್ಲ. ಆದರೆ ನಮ್ಮ ದೇಶದಲ್ಲಿ ಹಗುರ ಸ್ಪೋರ್ಟ್ಸ್ ಕಾರು ಮಾಡಬಹುದು ಎಂದು ನಂಬಿ ಹಣ ಹಾಕಿದವರನ್ನು ನಾನು ಮನಸಾರೆ ಗೌರವಿಸುತ್ತೇನೆ. ಈಗ ಎಂಜಿನಿಯರಿಂಗ್ ಓದುವ ಹುಡುಗರು, ಹುಡುಗಿಯರು ಬಾಜಾ, ಫಾರ್ಮುಲಾ ಭಾರತ್‌ನಂಥ ಸ್ಪರ್ಧೆಗಳಿಗೆಂದು ರಾತ್ರಿ ಹಗಲು ವರ್ಕ್‌ಶಾಪಿನಲ್ಲಿ ಕೂತು, ಪೈಪ್ ಬಗ್ಗಿಸಿ, ವೆಲ್ಡ್ ಮಾಡಿ, ಮೋಟರ್ ಕೂರಿಸಿ ಹಗುರ ಗಾಡಿ ಕಟ್ಟುತ್ತಾರೆ. ಸ್ಪರ್ಧೆ ಮುಗಿದ ಮೇಲೆ ಆ ಗಾಡಿ ಕಾಲೇಜಿನ ಶೆಡ್ಡಿನಲ್ಲಿ ಧೂಳು ಹಿಡಿಯುತ್ತದೆ. ಅದನ್ನು ಇನ್ನಷ್ಟು ಸರಿಮಾಡಿ ರಸ್ತೆಗೆ ತರುವ ದಾರಿಯೇ ಇಲ್ಲ. ಕಂಪನಿ ಕಾರನ್ನು ಬದಲಿಸಲು ಹೋದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಬಿಗಿ ಮಾಡಿತು. ಕಂಡಕಂಡ ಹಾಗೆ ಗಾಡಿ ಮಾರ್ಪಾಡು ಮಾಡೋದು ತಪ್ಪು, ಆ ತೀರ್ಪಿನ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಬ್ರಿಟನ್ನಿನಲ್ಲಿ ಒಬ್ಬರು ಮನೆಯಲ್ಲಿ ಕಟ್ಟಿದ ಕಾರನ್ನು ಅಧಿಕಾರಿಗಳು ಬ್ರೇಕ್, ಲೈಟ್, ಸ್ಟೀರಿಂಗ್, ಸೀಟ್‌ಬೆಲ್ಟ್ ಎಂದು ಒಂದೊಂದಾಗಿ ಪರೀಕ್ಷಿಸಿ, ಸರಿ ಇದ್ದರೆ ನಂಬರ್ ಕೊಡುತ್ತಾರೆ. ಅಂಥ ದಾರಿಯೊಂದನ್ನು ತೆರೆಯಿರಿ ಎಂದು ರಾಜ್ಯದಿಂದ ಕೇಂದ್ರಕ್ಕೆ ಬರೆಯಿರಿ. ಹೊಸ ಕಾರು ಕಂಪನಿ ಕಟ್ಟುವವರು ಆ ಶೆಡ್ಡಿನಿಂದಲೇ ಬರಬೇಕು.

ಕಾರಿನ ತಾಂತ್ರಿಕ ನಿಯಮಗಳು ಕೇಂದ್ರದವು, ಅದಕ್ಕೆ ನಾವೇನು ಮಾಡೋಣ ಎಂದು ನೀವು ಹೇಳಬಹುದು. ಆದರೆ ವಾಹನ ತೆರಿಗೆ ರಾಜ್ಯದ್ದು. ಎಲೆಕ್ಟ್ರಿಕ್ ವಾಹನ ಬೆಳೆಯಲಿ ಎಂದು ನೀವು ವರ್ಷಗಟ್ಟಲೆ ತೆರಿಗೆ ಬಿಟ್ಟುಕೊಟ್ಟಿರಿ. 2024ರಲ್ಲಿ 25 ಲಕ್ಷ ರೂಪಾಯಿ ಮೀರಿದ ಎಲೆಕ್ಟ್ರಿಕ್ ಕಾರುಗಳಿಗೆ ಶೇ 10 ಲೈಫ್ ಟ್ಯಾಕ್ಸ್ ತಂದಿರಿ. ಅಂದರೆ ಎಲ್ಲ ಎಲೆಕ್ಟ್ರಿಕ್ ಕಾರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಿಲ್ಲ ಎಂದು ನೀವೇ ಒಪ್ಪಿದ ಹಾಗಾಯಿತು. ಆ ತಕ್ಕಡಿಗೆ ಬೆಲೆಯ ಜೊತೆ ಇನ್ನೆರಡು ಬಟ್ಟು ಸೇರಿಸಿ ಅನ್ನೋದು ನನ್ನ ಬೇಡಿಕೆ. ಮೊದಲ ಬಟ್ಟು ರಿಪೇರಿಯದ್ದು. ಬ್ಯಾಟರಿಯನ್ನು ಮಾಡ್ಯೂಲ್ ಮಟ್ಟದಲ್ಲಿ ರಿಪೇರಿ ಮಾಡಲು ಬರುತ್ತದೆಯೇ, ಸರ್ವಿಸ್ ಮ್ಯಾನುಯಲ್ ಮತ್ತು ಸ್ಕ್ಯಾನ್ ಸಾಫ್ಟ್‌ವೇರ್ ತರಬೇತಿ ಪಡೆದ ಹೊರಗಿನ ಗ್ಯಾರೇಜಿಗೆ ನ್ಯಾಯವಾದ ಬೆಲೆಗೆ ಸಿಗುತ್ತದೆಯೇ, ಬ್ಯಾಟರಿಯ ಸ್ಥಿತಿ ಮಾಲೀಕನಿಗೆ ಕಾಣುತ್ತದೆಯೇ, ಕಂಪನಿ ಮುಚ್ಚಿದರೆ ಕೀಲಿ ಯಾರಿಗೆ ಎಂದು ಬರೆದುಕೊಟ್ಟಿದ್ದಾರೆಯೇ ಎಂದು ಕೇಳಿ. ಹೌದು ಎಂದವರಿಗೆ ರಿಯಾಯಿತಿ ಪೂರ್ತಿ ಕೊಡಿ. ಇಲ್ಲ ಎಂದವರ ಕಾರು ಮಾರಾಟವಾಗಲಿ, ಆದರೆ ಜನರ ತೆರಿಗೆ ದುಡ್ಡಿನ ನೆರವು ಅದಕ್ಕೆ ಬೇಡ. ಎರಡನೇ ಬಟ್ಟು ತೂಕದ್ದು. ಫ್ರಾನ್ಸ್ 2022ರಲ್ಲಿ ಭಾರೀ ಕಾರುಗಳ ಮೇಲೆ ಕೆಜಿ ಲೆಕ್ಕದಲ್ಲಿ ತೆರಿಗೆ ತಂದಿತು. ಆಗ ಎಲೆಕ್ಟ್ರಿಕ್ ಕಾರುಗಳಿಗೆ ವಿನಾಯಿತಿ ಕೊಟ್ಟಿದ್ದರು. ನಾವು ದಂಡ ಹಾಕೋದೇ ಬೇಡ, ಹಗುರ ಎಲೆಕ್ಟ್ರಿಕ್ ಕಾರಿಗೆ ಸ್ವಲ್ಪ ಹೆಚ್ಚು ರಿಯಾಯಿತಿ ಕೊಟ್ಟರೆ ಸಾಕು. ಆರ್‌ಸಿಯಲ್ಲಿ ಕಾರಿನ ಖಾಲಿ ತೂಕ ಹೇಗೂ ಬರೆದಿರುತ್ತದೆ, ಆರ್‌ಟಿಒ ಕಚೇರಿಗೆ ಹೊಸ ಕೆಲಸವೇನೂ ಬೀಳುವುದಿಲ್ಲ.

ಕಂಪನಿಗಳ ಪ್ರತಿನಿಧಿಗಳು ನಿಮ್ಮನ್ನು ವಿಧಾನಸೌಧದಲ್ಲೇ ಬಂದು ಕಾಣುತ್ತಾರೆ. ಗ್ಯಾರೇಜಿನವರಿಗೆ ಆ ದಾರಿ ಗೊತ್ತಿಲ್ಲ. ಹಾಗಾಗಿ ಮುಂದಿನ ಬಜೆಟ್‌ನಲ್ಲಿ ವಾಹನ ತೆರಿಗೆ ಮುಟ್ಟುವ ಮೊದಲು ಒಂದು ದಿನ ಮೈಸೂರಿಗೋ ಮಂಡ್ಯಕ್ಕೋ ಬನ್ನಿ. ಮೆಕ್ಯಾನಿಕ್‌ಗಳು, ಎಲೆಕ್ಟ್ರಿಕ್ ಟ್ಯಾಕ್ಸಿ ಮತ್ತು ಆಟೊ ಓಡಿಸುವವರು, ಐಟಿಐ ಮೇಷ್ಟ್ರುಗಳು, ಕಾಲೇಜಿನ ಆ ಹುಡುಗ ಹುಡುಗಿಯರು, ಇವರೆಲ್ಲರನ್ನೂ ಒಂದೆಡೆ ಸೇರಿಸುವ ಕೆಲಸ ನಮ್ಮ ಗುಂಪು ಮಾಡುತ್ತದೆ. ತಳ ಉಜ್ಜಿದ ಆ ಕಾರನ್ನೂ ತಂದು ಲಿಫ್ಟ್ ಮೇಲೆ ಎತ್ತಿ ತೋರಿಸುತ್ತೇವೆ. ದಿನ ಯಾವುದು ಎಂದು ತಿಳಿಸಿ.

ಇಂತಿ ನಮಸ್ಕಾರಗಳೊಂದಿಗೆ,
ಮೈಸೂರಿನ ಒಬ್ಬ ಕಾರು ಪ್ರಿಯ